ಕಾವುಪೆಟ್ಟಿಗೆಯ ಸದ್ದು

ಓಣಿಯ ಜನ ಅವನನ್ನು ರೇಡಿಯೋ ಮಾಮ ಎಂದೇ ಕರೆಯುತ್ತಾರೆ. ಆ ಹೆಸರಿಟ್ಟವಳು ಅವನ ಅಕ್ಕನ ಮಗಳು. ಅವಳು ಮದುವೆಯಾಗಿ ಬೇರೆ ಊರಿಗೆ ಹೋಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಇಲ್ಲೇ ಉಳಿದುಕೊಂಡಿತು. ಈಗ ಹಾಲು ಹಾಕುವವನೂ ಮೀಟರ್ ಓದಲು ಬರುವವನೂ, ಕೊನೆಗೆ ಅವನಿಗಿಂತ ಹಿರಿಯರಾದವರೂ ಅವನಿಗೆ ಮಾಮ ಎಂದೇ ಅನ್ನುತ್ತಾರೆ.

ಹೊಟ್ಟೆಪಾಡಿಗೆ ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ. ಅಂಗಡಿಯ ಹಿಂದಿನ ಕಿರುಕೋಣೆಯಲ್ಲಿ, ನೀರು ತೊಟ್ಟಿಕ್ಕುವ ಸಾಣೆಚಕ್ರದ ಮುಂದೆ ಕೂತು, ಗಾಜಿನ ಅಂಚನ್ನು ಫ್ರೇಮಿನ ಅಳತೆಗೆ ಸವೆಸುವುದು ಅವನ ಕೆಲಸ. ಕೂದಲೆಳೆಯಷ್ಟು ಹೆಚ್ಚು ಸವೆದರೆ ಗಾಜು ಫ್ರೇಮಿನಲ್ಲಿ ಅಲ್ಲಾಡುತ್ತದೆ. ಕಡಿಮೆ ಸವೆದರೆ ಕೂರಿಸುವಾಗ ಬಿರುಕು ಬಿಡುತ್ತದೆ. ವರ್ಷಗಟ್ಟಲೆ ಇದನ್ನೇ ಮಾಡಿದವನಿಗೆ ತನ್ನ ಕೈಯ ಮೇಲೆ ಒಂದು ಭರವಸೆ ಬೆಳೆದಿತ್ತು. ತಾನು ಮುಟ್ಟಿದ್ದು ಕೆಡುವುದಿಲ್ಲ ಎಂಬ ಭರವಸೆ.

ಅವನು ಮದುವೆಯಾಗಲಿಲ್ಲ. ಕೇಳಿದವರಿಗೆ ಅಕ್ಕನೇ ಉತ್ತರ ಕೊಡುತ್ತಾಳೆ: "ಆಗಿದೆಯಲ್ಲ, ಮಹಡಿ ಮೇಲೆ ಕೂತಿದೆ ನೋಡಿ. ಬರೀ ತಂತಿ, ತಲೆ ತುಂಬ ಕಡ್ಡಿ." ಅಕ್ಕ ಮತ್ತು ಭಾವ ಕೆಳಗಿನ ಮನೆಯಲ್ಲಿದ್ದರೆ, ಮಾಮ ಮೇಲಿನ ಒಂದೇ ಕೋಣೆಯಲ್ಲಿ. ಆ ಕೋಣೆಯಲ್ಲಿ ಮಂಚಕ್ಕಿಂತ ಮೇಜು ದೊಡ್ಡದು. ಮೇಜಿನ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬದೊಳಗೆ ಅವನೇ ಕಟ್ಟಿದ ರೇಡಿಯೋ. ಅದರ ಮುಕ್ಕಾಲು ಭಾಗ ಸತ್ತ ಟೀವಿಗಳಿಂದ ಬಿಚ್ಚಿ ತಂದ ಸಾಮಾನು. ಕಿಟಕಿಯಿಂದ ಹೊರಟ ತಾಮ್ರದ ತಂತಿ ತಾರಸಿಯ ಕಬ್ಬಿಣದ ಕಂಬಕ್ಕೆ ಹೋಗುತ್ತದೆ. ಅಕ್ಕ ಅದರ ಮೇಲೆ ಒಮ್ಮೆ ಬಟ್ಟೆ ಒಣಗಿಸಿದ್ದಳು. ಆ ದಿನ ಅವನು ಊಟ ಮಾಡಲಿಲ್ಲವಂತೆ.

ಇದು ಹಾಡು, ವಾರ್ತೆ ಕೇಳುವ ರೇಡಿಯೋ ಅಲ್ಲ. ಪರೀಕ್ಷೆ ಬರೆದು, ಪರವಾನಗಿ ಪಡೆದು, ತಾವೇ ಯಂತ್ರ ಕಟ್ಟಿಕೊಂಡು ಜಗತ್ತಿನ ಯಾವುದೋ ಮೂಲೆಯಲ್ಲಿರುವ ಇನ್ನೊಬ್ಬನ ಜೊತೆ ಮಾತಾಡುವ ಹವ್ಯಾಸ. ಈ ಜನರಲ್ಲಿ ಒಂದು ರೂಢಿಯಿದೆ. ಮಾತು ಶುರುವಾದ ಕೂಡಲೇ, ನಿನ್ನ ದನಿ ನನಗೆ ಹೇಗೆ ಕೇಳಿಸುತ್ತಿದೆ ಎಂದು ಇಬ್ಬರೂ ಒಬ್ಬರಿಗೊಬ್ಬರು ಅಂಕ ಕೊಡಬೇಕು. ಸ್ಪಷ್ಟತೆಗೆ ಐದರವರೆಗೆ, ಜೋರಿಗೆ ಒಂಬತ್ತರವರೆಗೆ. ಐದು-ಒಂಬತ್ತು ಅಂದರೆ ಎದುರಿಗೇ ಕೂತು ಮಾತಾಡಿದಂತೆ ಎಂದರ್ಥ. ಆದರೆ ಮರ್ಯಾದೆಗೆ ಕಟ್ಟುಬಿದ್ದು ಹೆಚ್ಚಿನವರು ಎಲ್ಲರಿಗೂ ಐದು-ಒಂಬತ್ತನ್ನೇ ಹಂಚುತ್ತಾರೆ. ಅಂಕ ಕೊಟ್ಟ ಮರುಕ್ಷಣವೇ, "ಏನಂದಿರಿ? ಇನ್ನೊಮ್ಮೆ ಹೇಳಿ" ಎಂದು ಕೂಗುವವರೂ ಇದ್ದಾರೆ.

ಮಾಮ ಹಾಗಲ್ಲ. ಒಮ್ಮೆ ಭಾರಿ ಯಂತ್ರ ತರಿಸಿಕೊಂಡಿದ್ದ ಒಬ್ಬ ವಕೀಲರು ಹೆಮ್ಮೆಯಿಂದ ಕೇಳಿದ್ದರು: "ಹೊಸ ಸೆಟ್ಟು. ಹೇಗಿದೆ ನಮ್ಮ ದನಿ?"

"ಮೂರು-ಮೂರು."

"ಏನು?"

"ಮೂರು-ಮೂರು ಸರ್. ಡಬ್ಬದೊಳಗೆ ತಲೆ ಹಾಕ್ಕೊಂಡು ಮಾತಾಡಿದ ಹಾಗಿದೆ."

"ನೀವು ಯಾವುದರಲ್ಲಿ ಕೇಳ್ತಿದ್ದೀರಿ?"

"ಬಿಸ್ಕತ್ ಡಬ್ಬದಲ್ಲಿ ಸರ್."

ರೇಡಿಯೋ ಅಲೆಯ ಮೇಲೆ ಇದನ್ನು ಕೇಳಿಸಿಕೊಂಡವರೆಲ್ಲ ನಕ್ಕರು. ಅಂದಿನಿಂದ ಆ ಬಳಗದಲ್ಲಿ ಅವನ ಹೆಸರು ಮೂರು-ಮೂರು ಎಂದಾಯಿತು. ತಮ್ಮ ಯಂತ್ರ ನಿಜಕ್ಕೂ ಹೇಗಿದೆ ಎಂದು ತಿಳಿಯಬೇಕಾದವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನಿಗೂ ಅದೊಂದು ಹೆಮ್ಮೆ. ಹವ್ಯಾಸದಲ್ಲಿ ಸುಳ್ಳು ಹೇಳಬಾರದು, ಹೇಳಿದರೆ ಎದುರಿನವನು ಕೆಟ್ಟ ಯಂತ್ರವನ್ನೇ ಒಳ್ಳೆಯದೆಂದುಕೊಂಡು ಕೂತಿರುತ್ತಾನೆ ಎನ್ನುತ್ತಿದ್ದ.

ಭಾವನ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಭಾವ ಮರಗೆಲಸದವರು. ಪೀಠೋಪಕರಣದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಮರ ಹೆರೆಯುವ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದವು. ಗಾಯ ಮಾಯಿತು, ಕೈ ಮಾತ್ರ ಹಿಡಿತಕ್ಕೆ ಬರಲಿಲ್ಲ. ಕಾರ್ಖಾನೆಯವರು ಅವರನ್ನು ಬಾಗಿಲ ಬಳಿ ಕೂರಿಸಿ ಬಂದವರನ್ನು ನೋಡಿಕೊಳ್ಳುವ ಕೆಲಸ ಕೊಟ್ಟರು. ಒಂದಷ್ಟು ದಿನ ಹೋದರು, ಆಮೇಲೆ ಬಿಟ್ಟರು. "ಬಾಗಿಲು ಮಾಡೋನನ್ನ ಬಾಗಿಲು ಕಾಯೋಕೆ ಇಟ್ಟರೆ ಹೆಂಗೆ?" ಎಂದು ನಗುತ್ತಲೇ ಹೇಳಿದರು. ಆದರೂ ಬಿಡುವಿದ್ದಾಗಲೆಲ್ಲ ಉಳಿ, ಗರಗಸ, ಕೀಸುಳಿಗಳನ್ನು ಚಾಪೆಯ ಮೇಲೆ ಹರಡಿ ಎಣ್ಣೆ ಸವರುತ್ತಿದ್ದರು. ಮುಟ್ಟಿ, ಒರೆಸಿ, ಮತ್ತೆ ಪೆಟ್ಟಿಗೆಗೆ ಸೇರಿಸುತ್ತಿದ್ದರು.

ಅಕ್ಕನಿಗೆ ಹಿತ್ತಲಲ್ಲಿ ಕೋಳಿಗಳಿದ್ದವು. ಕೋಳಿಗಳು ಮೊಟ್ಟೆಯಿಟ್ಟು ಎದ್ದು ಹೋಗುತ್ತಿದ್ದವೇ ಹೊರತು ಒಂದೂ ಕಾವಿಗೆ ಕೂರುತ್ತಿರಲಿಲ್ಲ. "ಒಂದು ಕಾವುಪೆಟ್ಟಿಗೆ ಮಾಡಿಕೊಡ್ರೀ" ಎಂದು ಅವಳು ಸುಮ್ಮನೆ ಅಂದಳೋ, ಬೇಕೆಂದೇ ಅಂದಳೋ, ಭಾವ ಮರುದಿನವೇ ಹಳೆಯ ಬೀರುವಿನ ಹಲಗೆಗಳನ್ನು ಬಿಚ್ಚಿ ಕೂತರು. ಎಡಗೈಯಲ್ಲಿ ಉಳಿ, ಉಳಿದ ಮೂರು ಬೆರಳಲ್ಲಿ ಕೊಡತಿ. ಹಲಗೆಗಳನ್ನು ಎಷ್ಟು ಸಲ ಕೆಡಿಸಿದರೋ, ಎಷ್ಟು ಸಲ ಎದ್ದು ಹೋಗಿ ಹಿತ್ತಲಲ್ಲಿ ನಿಂತರೋ. ಕೊನೆಗೆ ಎದ್ದು ನಿಂತ ಪೆಟ್ಟಿಗೆಯಲ್ಲಿ ಒಂದು ಮೊಳೆಯೂ ಇರಲಿಲ್ಲ. ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕಚ್ಚಿ ಕೂತಿತ್ತು. ಮುಚ್ಚಳದ ಅಂಚಿಗೆ ಗಾಳಿ ನುಸುಳದಂತೆ ಉಣ್ಣೆಯ ಪಟ್ಟಿ ಅಂಟಿಸಿದರು. ಅಪಘಾತದ ನಂತರ ಅವರು ಪೂರ್ತಿ ಮಾಡಿದ ಮೊದಲ ವಸ್ತು ಅದು. ನೋಡಲು ಬಂದವರಿಗೆ ಅಕ್ಕ ಮೊಟ್ಟೆಗಿಂತ ಮೊದಲು ಮೂಲೆಗಳನ್ನೇ ತೋರಿಸುತ್ತಿದ್ದಳು.

ಒಳಗೆ ಬಿಸಿಗೆಂದು ಬಲ್ಬುಗಳು. ಬಿಸಿ ಹದದಲ್ಲಿರಲು ಅಂಗಡಿಯಿಂದ ತಂದ ಒಂದು ಸಣ್ಣ ಡಬ್ಬಿ. ಅದರಲ್ಲಿ ಬಿಸಿ ಅರಿಯುವ ಬಿಲ್ಲೆಯೊಂದು ಇರುತ್ತದೆ. ಬಿಸಿ ಏರಿದರೆ ಬಿಲ್ಲೆ ಬಾಗಿ ಕರೆಂಟಿನ ದಾರಿ ಕಡಿಯುತ್ತದೆ. ಕೂಡಲೇ ರಿಲೇ ಎಂಬ ಸಣ್ಣ ಸ್ವಿಚ್ಚು ಚಟ್ಟೆಂದು ಹಿಡಿತ ಬಿಟ್ಟು ಬಲ್ಬುಗಳನ್ನು ಆರಿಸುತ್ತದೆ. ತಣ್ಣಗಾದರೆ ಮತ್ತೆ ಹೊತ್ತಿಸುತ್ತದೆ. ಮೊಟ್ಟೆಗಳು ಕಾವಿಗೆ ಹೋದವು. ಎರಡನೆಯ ವಾರ ಅಕ್ಕ ಒಂದೊಂದನ್ನೇ ಟಾರ್ಚಿನ ಬಾಯಿಗೆ ಹಿಡಿದು ನೋಡಿದಳು. ಒಳಗೆ ಕೆಂಪು ನರಗಳು, ನಡುವೆ ಮಿಸುಕಾಡುವ ಒಂದು ಚುಕ್ಕೆ. "ಬನ್ರೀ, ಕಣ್ಣು ಕಾಣ್ತಿದೆ!" ಎಂದು ಕೂಗಿದಳು. ಭಾವ ಬಗ್ಗಿ ನೋಡಿ, ಪೆಟ್ಟಿಗೆಯ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು.

ಆದರೆ ಆ ಡಬ್ಬಿ ಬಂದ ದಿನದಿಂದ ಮಾಮನ ರೇಡಿಯೋದಲ್ಲಿ ಒಂದು ಸದ್ದು ಸೇರಿಕೊಂಡಿತ್ತು. ಬಿಲ್ಲೆ ಕರೆಂಟು ಕಡಿಯುವಾಗ ಹಾರುವ ಕಿಡಿ ರೇಡಿಯೋಗೂ ಕೇಳಿಸುತ್ತದೆ. ಕರ್ರ್ ಎಂದು ಎಳೆದು, ಚಟ್ ಎಂದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಮೊದಲು ಅದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ತಂತಿಯ ಉಂಗುರವೊಂದನ್ನು ಕಟ್ಟಿಕೊಂಡು ಮನೆಯೆಲ್ಲ ತಿರುಗಿದ. ಉಂಗುರ ಅವನನ್ನು ನೇರ ಕೆಳಗಿನ ನಡುಮನೆಗೆ, ಭಾವನ ಪೆಟ್ಟಿಗೆಯ ಮುಂದಕ್ಕೆ ತಂದು ನಿಲ್ಲಿಸಿತು.

"ಭಾವ, ಇದರೊಳಗೆ ಒಂದು ಸಣ್ಣ ಸಾಮಾನು ಹಾಕ್ತೀನಿ. ಸದ್ದು ನಿಲ್ಲುತ್ತೆ."

"ಯಾವ ಸದ್ದು? ನಂಗೇನೂ ಕೇಳಿಸ್ತಿಲ್ಲ."

"ನಿಮಗಲ್ಲ, ರೇಡಿಯೋಗೆ."

"ಬೇಡಪ್ಪ. ಮರಿ ಆಚೆ ಬರೋವರೆಗೆ ಯಾರೂ ಕೈ ಹಾಕೋದು ಬೇಡ. ನಾನೇ ಮುಚ್ಚಳ ತೆಗೆಯೋಕೆ ಹೆದರ್ತಿದ್ದೀನಿ."

ಅಕ್ಕ ಒಳಗಿನಿಂದಲೇ ಸೇರಿಸಿದಳು: "ಮೂರು ವಾರ ನಿನ್ನ ರೇಡಿಯೋ ಬಾಯಿ ಮುಚ್ಕೊಂಡಿದ್ರೆ ಪ್ರಪಂಚ ಮುಳುಗಲ್ಲ ಕಣೋ."

ಪ್ರಪಂಚ ಮುಳುಗುತ್ತಿರಲಿಲ್ಲ, ನಿಜ. ಆದರೆ ಆ ವಾರ ದೂರದ ದ್ವೀಪವೊಂದರಿಂದ ಒಬ್ಬ ಹವಾಮಾನ ನೌಕರ ಮಾತಾಡುತ್ತಿದ್ದ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಕೊಂಚ ಸಮಯ ಮಾತ್ರ ಅವನ ದನಿ ಬರುತ್ತಿತ್ತು, ಅದೂ ಬಾವಿಯ ತಳದಿಂದ ಬಂದಂತೆ. ವಾರ ಮುಗಿದರೆ ಅವನು ದ್ವೀಪ ಬಿಟ್ಟು ಹೋಗುವವನು. ಮಾಮ ಕೂಗಿ ಕೂಗಿ ಇನ್ನೇನು ಉತ್ತರ ಬರಬೇಕು ಎನ್ನುವಷ್ಟರಲ್ಲಿ ಕೆಳಗಿನಿಂದ ಕರ್ರ್ ಎನ್ನುತ್ತಿತ್ತು. ಎರಡು ಸಂಜೆ ಹೀಗೇ ಆಯಿತು. ಎರಡನೆಯ ಸಂಜೆ ಅವನು ಕಿವಿಯ ಹೆಡ್‌ಫೋನ್ ಕಿತ್ತು ಮಂಚದ ಮೇಲೆ ಎಸೆದ.

ಮರುದಿನ ಅಕ್ಕ ಮತ್ತು ಭಾವ ಕೈ ತೋರಿಸಿಕೊಂಡು ಬರಲು ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು. ಮೊಟ್ಟೆಗಳನ್ನು ಆಗಾಗ ಮಗ್ಗುಲು ಬದಲಿಸುತ್ತಿರಬೇಕು. ಆ ಕೆಲಸ ಮಾಮನಿಗೆ ಬಂತು. "ಬರೀ ಹೊರಳಿಸು. ಇನ್ನೇನೂ ಮಾಡಬೇಡ" ಎಂದು ಅಕ್ಕ ಹೊಸ್ತಿಲಿನಲ್ಲಿ ನಿಂತು ಹೇಳಿದಳು. ಅವನು ತಲೆಯಾಡಿಸಿದ. ಆಗ ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಮಧ್ಯಾಹ್ನ ಮೊಟ್ಟೆ ಹೊರಳಿಸಿ ಕೈ ಒರೆಸಿಕೊಂಡವನು ಡಬ್ಬಿಯನ್ನೇ ನೋಡುತ್ತ ನಿಂತ. ಎರಡು ತಿರುಪು. ಹೆಬ್ಬೆರಳ ಉಗುರಿನಷ್ಟು ಒಂದು ಕೆಪಾಸಿಟರ್. ಬಿಲ್ಲೆಯ ಎರಡು ತುದಿಗೆ ಅದನ್ನು ಅಡ್ಡಲಾಗಿ ಬೆಸೆದರೆ ಕಿಡಿಯನ್ನು ಅದು ನುಂಗಿಕೊಳ್ಳುತ್ತದೆ. ಹವ್ಯಾಸಿಗಳೆಲ್ಲ ಮಾಡುವುದೇ ಅದು. ಅವನೇ ಎಷ್ಟೋ ಮನೆಗಳ ಸ್ವಿಚ್ಚು, ಫ್ಯಾನುಗಳಿಗೆ ಹಾಗೆ ಮಾಡಿಕೊಟ್ಟಿದ್ದ. ಮೊಟ್ಟೆಗಳಿಗೆ ಗೊತ್ತೂ ಆಗುವುದಿಲ್ಲ, ಭಾವನಿಗಂತೂ ಆಗುವುದೇ ಇಲ್ಲ ಎಂದುಕೊಂಡ. ಮೇಲೆ ಹೋಗಿ ಬೆಸುಗೆಯ ಸಾಮಾನು ತಂದ. ಕೆಲಸ ಕೆಲವೇ ನಿಮಿಷದ್ದು. ಮುಗಿಸಿ, ಸ್ವಿಚ್ಚು ಹಾಕಿ, ಕಾದು ನೋಡಿದ. ಬಲ್ಬು ಹೊತ್ತಿತು, ಬಿಸಿಯೇರಿತು, ಆರಿತು. ಒಂದು ಸುತ್ತು ಸರಿಯಾಗಿ ನಡೆದದ್ದನ್ನು ಕಣ್ಣಾರೆ ಕಂಡು ಮುಚ್ಚಳದ ತಿರುಪು ಬಿಗಿದ.

ಸಂಜೆ ಅಲೆ ತೊಳೆದಿಟ್ಟಂತಿತ್ತು. ದ್ವೀಪದವನು ಕೇಳಿಸಿದ. ಮಾಮ ಕೂಗಿದ. ಉತ್ತರ ಬಂತು! ದ್ವೀಪದವನು ಅವನಿಗೆ ಐದು-ಒಂಬತ್ತು ಕೊಟ್ಟ. ಮರ್ಯಾದೆಗೆ ಕೊಟ್ಟದ್ದೆಂದು ಗೊತ್ತಿದ್ದರೂ ಮಾಮ ಕೋಣೆಯಲ್ಲಿ ಎದ್ದು ನಿಂತು ಒಬ್ಬನೇ ನಕ್ಕ. ಅಷ್ಟರಲ್ಲಿ ಅಕ್ಕ, ಭಾವ ಬಂದರು. ಭಾವ ಬಂದವರೇ ಪೆಟ್ಟಿಗೆಯ ಉಷ್ಣಮಾಪಕ ನೋಡಿದರು. ಸರಿಯಾಗಿತ್ತು. ಊಟ ಮಾಡಿ ಎಲ್ಲರೂ ಮಲಗಿದರು.

ಮಲಗುವ ಮುನ್ನ ಮಾಮ ಇನ್ನೊಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದ. ಕರ್ರ್ ಸದ್ದು ಹೋಗುತ್ತದೆ, ಆದರೆ ರಿಲೇಯ ಸಣ್ಣ ಚಟ್ ಉಳಿದುಕೊಳ್ಳುತ್ತದೆ ಎಂದು ಅವನ ಲೆಕ್ಕಾಚಾರವಿತ್ತು. ಅದೂ ಇರಲಿಲ್ಲ. ಎಷ್ಟು ಹೊತ್ತು ಕೇಳಿದರೂ ಏನೂ ಇಲ್ಲ. ತನ್ನ ಕೆಲಸ ತಾನಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಆಗಿದೆ ಎಂದುಕೊಂಡು ದೀಪ ಆರಿಸಿದ.

ಬೆಳಿಗ್ಗೆ ಅಕ್ಕನ ದನಿಗೆ ಎಚ್ಚರವಾಯಿತು. "ಏನ್ರೀ! ಬನ್ನಿ ಇಲ್ಲಿ! ಪೆಟ್ಟಿಗೆ ಮುಟ್ಟೋಕಾಗ್ತಿಲ್ಲ!"

ಅವನು ಇಳಿದು ಬರುವಷ್ಟರಲ್ಲಿ ಭಾವ ಮುಚ್ಚಳ ತೆಗೆದಿದ್ದರು. ಒಳಗಿನಿಂದ ಒಲೆಯ ಬಾಯಿಯಂಥ ಬಿಸಿ ಬರುತ್ತಿತ್ತು. ಅಕ್ಕ ಮೊಟ್ಟೆಗಳನ್ನು ಸೆರಗಿನಲ್ಲಿ ಹಿಡಿದು ಒಂದೊಂದನ್ನೇ ಟಾರ್ಚಿಗೆ ಒಡ್ಡಿದಳು. ನರಗಳು ಕರಗಿ ಕಪ್ಪು ಬಳೆಯಾಗಿದ್ದವು. ಒಂದಾದರೂ ಮಿಸುಕೀತೇನೋ ಎಂದು ಕೊನೆಯದರವರೆಗೂ ನೋಡಿದಳು. ಆಮೇಲೆ ಟಾರ್ಚು ಆರಿಸಲು ಮರೆತು ಹಾಗೇ ಕೂತಳು.

"ಕರೆಂಟಿಂದೇನಾದ್ರೂ ಆಗಿದೆಯಾ ನೋಡಪ್ಪ" ಎಂದರು ಭಾವ.

ಮಾಮ ಪ್ಲಗ್ಗು ಕಿತ್ತು, ಅವರಿಬ್ಬರಿಗೂ ಬೆನ್ನು ಮಾಡಿ ಕೂತು ಡಬ್ಬಿ ಬಿಚ್ಚಿದ. ತನ್ನದೇ ಬೆಸುಗೆ ಹೊಳೆಯುತ್ತಿತ್ತು. ಆಗಲೇ ಅವನಿಗೆ ಎಲ್ಲವೂ ಅರ್ಥವಾಯಿತು. ಕೆಪಾಸಿಟರ್ ಕಿಡಿಯನ್ನು ನುಂಗುತ್ತದೆ, ನಿಜ. ಆದರೆ ಬಿಲ್ಲೆ ದಾರಿ ಕಡಿದ ಮೇಲೂ ತನ್ನ ಮೂಲಕ ಒಂದು ಎಳೆ ಕರೆಂಟನ್ನು ಸೋರಲು ಬಿಡುತ್ತದೆ. ಫ್ಯಾನಿಗೆ ಆ ಎಳೆ ಏನೂ ಅಲ್ಲ. ಇಷ್ಟು ಸಣ್ಣ ರಿಲೇಗೆ ಹಿಡಿದದ್ದನ್ನು ಬಿಡದೆ ಇರಲು ಅಷ್ಟೇ ಸಾಕು. ಹಗಲು ಓಣಿಯ ತುಂಬ ಯಂತ್ರಗಳು ಓಡುವಾಗ ಕರೆಂಟು ಇಳಿದಿರುತ್ತದೆ, ಅದಕ್ಕೇ ಆಗ ಬಿಟ್ಟಿತ್ತು. ಅಂಗಡಿಗಳೆಲ್ಲ ಮುಚ್ಚಿ ಕರೆಂಟು ಏರಿದ ಮೇಲೆ ರಿಲೇ ಕಚ್ಚಿಕೊಂಡೇ ಕೂತಿತು. ಬಲ್ಬುಗಳು ಬೆಳಗಿನವರೆಗೂ ಉರಿದವು. ತಾನು ಹೆಡ್‌ಫೋನಿನಲ್ಲಿ ಕೇಳಿ ಮೆಚ್ಚಿದ ಆ ನಿಶ್ಶಬ್ದ ಇದೇ.

ಕೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು. ಎರಡು ಕಡೆ ಕತ್ತರಿಸಿದ. ಕೆಪಾಸಿಟರ್ ಜೇಬಿಗೆ ಬಿತ್ತು. ಪ್ಲಗ್ಗು ಹಾಕಿ, ಬಿಲ್ಲೆಯನ್ನು ಉರಿಯುವ ಬಲ್ಬಿನ ಹತ್ತಿರಕ್ಕೆ ಹಿಡಿದ. ಚಟ್. ಬಲ್ಬು ಆರಿತು.

"ಕರೆಂಟಿನ ಕಡೆ ಏನೂ ತೊಂದರೆ ಇಲ್ಲ" ಎಂದ.

ಹೇಳಿದ ಗಳಿಗೆಯಲ್ಲಿ ಆ ಮಾತು ನಿಜವೇ ಆಗಿತ್ತು. ಹಾಗೆಂದು ಅವನು ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡ.

ಭಾವ ಬಹಳ ಹೊತ್ತು ಮುಚ್ಚಳವನ್ನು ತಿರುಗಿಸಿ ನೋಡಿದರು. "ಹಾಗಾದ್ರೆ ಪೆಟ್ಟಿಗೇದೇ. ಈ ಉಣ್ಣೆ ಪಟ್ಟಿ ಹಾಕಬಾರದಿತ್ತು. ಗಾಳಿಕಂಡಿ ಇನ್ನೂ ಬೇಕಿತ್ತು. ಅಳತೆ ತಪ್ಪಿದೆ ನಂದು."

"ನಾನು ಆವತ್ತೇ ಅಂದೆ, ಇಷ್ಟು ಬಿಗಿ ಬೇಡ ಅಂತ" ಎಂದಳು ಅಕ್ಕ, ಮೊಟ್ಟೆಗಳ ಸಂಕಟದಲ್ಲಿ.

"ಅಂದಿದ್ದೆ" ಎಂದರು ಭಾವ.

ಪೆಟ್ಟಿಗೆಗೆ ಗೋಣಿ ಹೊದಿಸಿ ಮೆಟ್ಟಿಲ ಕೆಳಗೆ ನೂಕಿದರು. ಮೊದಲ ಕೆಲವು ದಿನ ಅಕ್ಕ ಚುಚ್ಚುತ್ತಿದ್ದಳು. ಕೋಳಿಗೆ ಕಾಳು ಹಾಕುವಾಗ, "ನಿಮಗೆ ಯಾರಮ್ಮ ಗೂಡು ಕಟ್ಟಿಕೊಡೋದು, ನಮ್ಮ ಯಜಮಾನರು ಒಲೆ ಮಾತ್ರ ಮಾಡ್ತಾರೆ" ಅನ್ನುತ್ತಿದ್ದಳು. ಆಮೇಲೆ ಅವಳು ಚುಚ್ಚುವುದನ್ನು ಬಿಟ್ಟಳು. ಮಾಮನಿಗೆ ಅದು ಇನ್ನೂ ಕಷ್ಟವಾಯಿತು. ಉಳಿಗಳಿಗೆ ಎಣ್ಣೆ ಸವರುವುದೂ ನಿಂತಿತು. ಭಾವ ಬಲಗೈಯನ್ನು ಟವೆಲ್ಲಿನ ಮಡಿಕೆಯೊಳಗಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಗಾಯ ಹಸಿಯಿದ್ದ ದಿನಗಳಲ್ಲೂ ಅವರು ಅದನ್ನು ಹಾಗೆ ಮುಚ್ಚಿಟ್ಟಿರಲಿಲ್ಲ.

ಮಾಮ ತಪ್ಪಿಸಿಕೊಳ್ಳಲು ಒಂದು ದಾರಿ ಹುಡುಕಿದ. ಅಂಥದೇ ರಿಲೇ, ಅಂಥದೇ ಬಿಲ್ಲೆ ತಂದು ತನ್ನ ಮೇಜಿನ ಮೇಲೆ ಕಟ್ಟಿ, ಅದೇ ಕೆಪಾಸಿಟರನ್ನು ಬೆಸೆದು ನೋಡಿದ. ತನ್ನ ಊಹೆ ಸುಳ್ಳಾಗಲಿ, ಪೆಟ್ಟಿಗೆಯದೇ ತಪ್ಪಾಗಿರಲಿ ಎಂದು ಒಳಗೊಳಗೇ ಬಯಸುತ್ತಿದ್ದ. ಹಗಲು ರಿಲೇ ಬಿಟ್ಟಿತು. ಓಣಿ ಮಲಗಿದ ಮೇಲೆ ಹಿಡಿದುಕೊಂಡೇ ಕೂತಿತು. ಅದನ್ನು ಬಿಚ್ಚಿ ಹಾಕಿದ. ಮರುದಿನ ಅಂಗಡಿಯಲ್ಲಿ ಎರಡು ಗಾಜು ಒಡೆದ.

ಹೇಳದಿರಲು ಕಾರಣಗಳೂ ಸಿಗುತ್ತಿದ್ದವು. ಹೋದ ಮೊಟ್ಟೆ ಬರುವುದಿಲ್ಲ. ಅಕ್ಕ ಸಿಟ್ಟಾದರೆ ಮೇಲಿನ ಕೋಣೆ? ಇನ್ನೊಂದು ಪೆಟ್ಟಿಗೆ ಮಾಡಿದರೆ ಎಲ್ಲ ಸರಿಹೋಗುತ್ತದಲ್ಲ. ಒಂದು ಸಲ ಧೈರ್ಯ ಮಾಡಿ, "ಭಾವ, ಮತ್ತೊಮ್ಮೆ ಮೊಟ್ಟೆ ಇಟ್ಟು ನೋಡೋಣ. ಪೆಟ್ಟಿಗೆ ಚೆನ್ನಾಗೇ ಇದೆ ಅನ್ಸುತ್ತೆ" ಎಂದ.

"ಸಮಾಧಾನ ಹೇಳ್ಬೇಡಪ್ಪ. ನೀನು ಸುಳ್ಳು ಹೇಳೋನಲ್ಲ ಅಂತ ಊರಿಗೆಲ್ಲ ಗೊತ್ತು. ಆವತ್ತು ಕರೆಂಟು ಸರಿಯಿದೆ ಅಂದೆ, ಅಷ್ಟು ಸಾಕು."

ಅವನು ಎದ್ದು ಮೇಲೆ ಹೋದ.

ಅವನ ಅಲೆಯ ಬಳಗದಲ್ಲಿ ಹಡಗಿನ ಅಜ್ಜ ಎಂಬ ಒಬ್ಬರಿದ್ದರು. ಆಯುಷ್ಯವೆಲ್ಲ ಹಡಗಿನ ರೇಡಿಯೋ ಕೋಣೆಯಲ್ಲಿ ಕಳೆದು, ಈಗ ಮೊಣಕಾಲು ನೋವಿನ ಜೊತೆ ಮನೆಯಲ್ಲಿ ಕೂತವರು. ಮುಖ ಕಂಡಿಲ್ಲ, ದನಿಯ ಪರಿಚಯ ಮಾತ್ರ. ಮಾಮ ಒಂದು ಬೆಳಿಗ್ಗೆ ಅವರಿಗೆ ಹೇಳಿದ: "ಅಜ್ಜ, ನನ್ನ ಸ್ನೇಹಿತ ಒಬ್ಬ ಒಂದು ಎಡವಟ್ಟು ಮಾಡಿಕೊಂಡಿದ್ದಾನೆ." ಬಿಲ್ಲೆ, ರಿಲೇ, ಕೆಪಾಸಿಟರ್, ಮೊಟ್ಟೆ ಎಲ್ಲವನ್ನೂ ಹೇಳಿದ. ತಪ್ಪು ಇನ್ನೊಬ್ಬರ ತಲೆಗೆ ಹೋಗಿದೆ, ಸ್ನೇಹಿತ ಬಾಯಿ ಬಿಡುತ್ತಿಲ್ಲ ಎಂದೂ ಹೇಳಿದ.

"ನಿನ್ನ ಸ್ನೇಹಿತನೂ ಕನ್ನಡಕದ ಅಂಗಡೀಲೇ ಇದ್ದಾನಾ?" ಎಂದು ಕೇಳಿತು ದನಿ.

ಮಾಮ ಮೈಕಿನ ಗುಂಡಿ ಒತ್ತಿ, ಹಾಗೇ ಬಿಟ್ಟ.

"ಇರಲಿ ಬಿಡು. ಅವನಿಗೆ ಹೇಳು, ಆ ಪೆಟ್ಟಿಗೆ ಮಾಡಿದೋರಿಗೆ ಅವನು ತಪ್ಪು ಅಂಕ ಕೊಟ್ಟಿದ್ದಾನೆ. ಒಳ್ಳೇದನ್ನ ಕೆಟ್ಟದ್ದು ಅಂದ್ಕೊಂಡು ಕೂತಿರ್ತಾರೆ ಅವರು. ಇಷ್ಟೇ ನಾನು ಹೇಳೋದು. ನನಗೆ ಮೊಣಕಾಲು ಹಿಡೀತಿದೆ, ಏಳ್ತೀನಿ."

ಅದಾದ ಮೇಲೂ ಕೆಲವು ದಿನ ಹಾಗೇ ಹೋದವು. ಒಂದು ರಜೆಯ ಬೆಳಿಗ್ಗೆ ಮಾಮ ಟೀಗೆಂದು ಕೆಳಗಿಳಿದಾಗ ಜಗಲಿಯಲ್ಲಿ ಕಾರ್ಖಾನೆಯ ಮೇಸ್ತ್ರಿ ಕೂತಿದ್ದರು. ಅವರ ಕಾಲ ಬಳಿ ಭಾವನ ಉಪಕರಣಗಳ ಪೆಟ್ಟಿಗೆ, ಹಗ್ಗ ಸುತ್ತಿ ಕಟ್ಟಿದ್ದು.

"ಯೋಚನೆ ಮಾಡಿದ್ರಾ? ಆಮೇಲೆ ಬೇಕು ಅನ್ಸಿದ್ರೆ?" ಎಂದು ಮೇಸ್ತ್ರಿ ಕೇಳುತ್ತಿದ್ದರು.

"ಬೇಕು ಅನ್ಸಲ್ಲ. ಅಲ್ಲಿ ಹೊಸಬರಿಗೆ ಯಾರಿಗಾದ್ರೂ ಕೊಡಿ. ಇಲ್ಲಿ ತುಕ್ಕು ಹಿಡಿಯುತ್ತೆ" ಎಂದರು ಭಾವ. "ಒಂದು ಮರದ ಡಬ್ಬ ಕೂಡ ಹದವಾಗಿ ಮಾಡೋಕಾಗ್ಲಿಲ್ಲ. ನನಗೇ ಗೊತ್ತಾಗಿದೆ, ಮುಗೀತು ಅಂತ."

ಅಕ್ಕ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೇಸ್ತ್ರಿ ಬಗ್ಗಿ ಹಗ್ಗಕ್ಕೆ ಕೈ ಹಾಕಿದರು.

ಮಾಮ ಓಡುತ್ತ ಮೆಟ್ಟಿಲು ಹತ್ತಿದ. ಇಳಿದು ಬಂದಾಗ ಅಂಗೈಯಲ್ಲಿ ಕೆಪಾಸಿಟರ್ ಇತ್ತು. ಅದನ್ನು ಉಪಕರಣಗಳ ಪೆಟ್ಟಿಗೆಯ ಮೇಲಿಟ್ಟ. ಅದು ಒಮ್ಮೆ ಉರುಳಿ ನಿಂತಿತು.

"ಭಾವ, ಇದು ಡಬ್ಬಿಯೊಳಗಿತ್ತು. ನೀವು ಆಸ್ಪತ್ರೆಗೆ ಹೋದಾಗ ನಾನೇ ಹಾಕಿದ್ದೆ. ಬೇಡ ಅಂದಿದ್ರಿ, ಆದ್ರೂ ಹಾಕ್ದೆ. ಇದರಿಂದ್ಲೇ ರಾತ್ರಿ ಬಲ್ಬು ಆರಲಿಲ್ಲ. ಬೆಳಿಗ್ಗೆ ನೋಡು ಅಂದಾಗ ಕತ್ತರಿಸಿ ಜೇಬಿಗೆ ಹಾಕ್ಕೊಂಡೆ. ಆಮೇಲೆ ಕರೆಂಟು ಸರಿಯಿದೆ ಅಂದೆ."

ಮೇಸ್ತ್ರಿ ಹಗ್ಗ ಬಿಟ್ಟು, ಯಾರ ಮನೆಗೆ ಬಂದೆನಪ್ಪಾ ಎನ್ನುವಂತೆ ಬೀದಿಯ ಕಡೆ ನೋಡಿದರು.

ಭಾವ ಟವೆಲ್ಲಿನಿಂದ ಕೈ ಹೊರತೆಗೆದು ಆ ವಸ್ತುವನ್ನು ಎತ್ತಿಕೊಂಡರು. "ಇಷ್ಟೇ ಇಷ್ಟಾ?"

"ಹೂಂ."

"ನಾನು ದಿನಾ ಆ ಪೆಟ್ಟಿಗೆ ಅಳತೇನ ಮನಸ್ಸಲ್ಲೇ ಹಾಕ್ತಿದ್ದೆ. ಮಲಗಿದ್ರೂ ಅದೇ. ಎಲ್ಲಿ ತಪ್ಪಿತು, ಎಲ್ಲಿ ತಪ್ಪಿತು ಅಂತ. ನೀನು ದಿನಾ ನನ್ನ ಎದುರಿಗೇ ಕೂತು ಉಣ್ತಿದ್ದೆ."

"ಹೂಂ, ಭಾವ."

"ಏನೋ ಹೂಂ ಅಂತೀಯ!" ಅಕ್ಕನ ದನಿ ಒಡೆಯಿತು. "ಅವರನ್ನ ನಾನು ಏನೇನಂದೆ, ಅದನ್ನೆಲ್ಲ ಮಹಡಿ ಮೇಲೆ ಕೂತು ಕೇಳಿಸ್ಕೊಂಡೆಯಲ್ಲೋ! ಸಮುದ್ರದಾಚೆ ಯಾರೋ ಉಸಿರಾಡಿದ್ರೂ ನಿನಗೆ ಕೇಳುತ್ತೆ, ಇದು ಕೇಳಲಿಲ್ವಾ?"

ಭಾವ ಕೈಯೆತ್ತಿ ಅವಳನ್ನು ತಡೆದರು. ಮಾಮನ ಮುಖವನ್ನೇ ನೋಡುತ್ತ ಕೇಳಿದರು: "ಪೆಟ್ಟಿಗೆ?"

"ಪೆಟ್ಟಿಗೆ ಸರಿಯಾಗಿತ್ತು."

"ಮೇಸ್ತ್ರಿಗೆ ಕೇಳೋ ಹಾಗೆ ಹೇಳು."

"ಪೆಟ್ಟಿಗೆ ಸರಿಯಾಗಿತ್ತು. ಬಿಸಿ ಒಂದು ಚೂರೂ ಆಚೆ ಹೋಗ್ತಿರಲಿಲ್ಲ. ಅಷ್ಟು ಚೆನ್ನಾಗಿತ್ತು ಅಂತ್ಲೇ ಬಲ್ಬಿನ ಬಿಸಿಯೆಲ್ಲ ಒಳಗೇ ಉಳೀತು."

ಭಾವ ಎದ್ದರು. ಹಗ್ಗದ ಗಂಟು ಬಿಚ್ಚಲು ಮೂರು ಬೆರಳಿಗೆ ಬಹಳ ಹೊತ್ತು ಹಿಡಿಯಿತು. ಮಾಮ ನೆರವಿಗೆ ಬಗ್ಗಿದಾಗ, "ನೀನು ಮುಟ್ಟಬೇಡ" ಎಂದರು. ಗಂಟು ಬಿಚ್ಚಿ, ಉಪಕರಣಗಳ ಪೆಟ್ಟಿಗೆಯನ್ನು ತಾವೇ ಎಳೆದುಕೊಂಡು ಒಳಗೆ ಹೋದರು. ಮೇಸ್ತ್ರಿ ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು, "ಬರ್ತೀನಮ್ಮ, ಒಳ್ಳೇದಾಯ್ತು" ಎಂದು ಬರಿಗೈಯಲ್ಲಿ ಹೊರಟರು.

ಆ ದಿನ ಮಾಮ ತಾರಸಿಗೆ ಹೋಗಿ ಆಂಟೆನಾದ ತಂತಿ ಬಿಚ್ಚತೊಡಗಿದ. ಅಕ್ಕ ಬಟ್ಟೆ ಒಣಗಿಸಲು ಬಂದವಳು ನಿಂತು ನೋಡಿದಳು.

"ಏನು ಮಾಡ್ತಿದ್ದೀಯ?"

"ಸಾಕು ಇದು."

"ಕಟ್ಟು ಅದನ್ನ. ತಂತಿ ಬಿಚ್ಚಿ ಒಳ್ಳೆಯವನಾಗೋಕೆ ಹೋಗ್ಬೇಡ. ಅಷ್ಟು ಸಸ್ತಾ ಅಲ್ಲ." ಒದ್ದೆ ಬಟ್ಟೆಯನ್ನು ಜೋರಾಗಿ ಕೊಡವಿದಳು. "ನಾಳೆ ಮತ್ತೆ ಮೊಟ್ಟೆ ಇಡ್ತೀನಿ. ಅದು ಆರಿ ಹೊತ್ತಿ ಮಾಡೋದು ನಿನಗೆ ಮೇಲೇ ಕೇಳುತ್ತಲ್ಲ? ಕೂತು ಕೇಳು. ಕೇಳದೇ ಇದ್ದಾಗ ಇಳಿದು ಬಾ."

ಹೀಗೆ ಯಾವ ಸದ್ದನ್ನು ಕೊಲ್ಲಲು ಹೊರಟಿದ್ದನೋ ಅದನ್ನೇ ಕಾಯುವುದು ಅವನ ಪಾಲಿಗೆ ಬಂತು. ದಿನವೂ ಅಂಗಡಿಯಿಂದ ಬಂದು ಹೆಡ್‌ಫೋನ್ ಹಾಕಿ ಕೂರುತ್ತಾನೆ. ಯಾರಾದರೂ ಮಾತಾಡುತ್ತಿರುವಾಗ ಕರ್ರ್ ಎನ್ನುತ್ತದೆ. ಅವರ ಅರ್ಧ ಮಾತು ಮುಳುಗುತ್ತದೆ. ಅವನು ಉಸಿರು ಬಿಡುತ್ತಾನೆ. "ಇನ್ನೊಮ್ಮೆ ಹೇಳಿ" ಎಂದು ಕೇಳುತ್ತಾನೆ. ಯಾಕೆ, ಏನಾದರೂ ತೊಂದರೆಯೇ ಎಂದರೆ, "ಕೆಳಗೆ ಮೊಟ್ಟೆ ಕಾವಿಗಿದೆ" ಎನ್ನುತ್ತಾನೆ. ಹಡಗಿನ ಅಜ್ಜನೊಬ್ಬರು ಮಾತ್ರ ಇನ್ನೇನೂ ಕೇಳದೆ ಹೇಳಿದ್ದನ್ನೇ ಮತ್ತೊಮ್ಮೆ ಹೇಳುತ್ತಾರೆ.

ಭಾವ ಅವನೊಡನೆ ಮಾತು ಬಿಟ್ಟಿದ್ದರು. ಊಟಕ್ಕೆ ಕೂತರೆ, ಬೇಕಾದ್ದನ್ನು ಅಕ್ಕನ ಮೂಲಕ ಕೇಳುತ್ತಿದ್ದರು. ಹಿತ್ತಲಲ್ಲಿ ಕೀಸುಳಿಯ ಸದ್ದು ಮಾತ್ರ ಮತ್ತೆ ಶುರುವಾಗಿತ್ತು. ಏನು ಮಾಡುತ್ತಿದ್ದಾರೆ ಎಂದು ಕೇಳುವ ಧೈರ್ಯ ಮಾಮನಿಗಾಗಲಿಲ್ಲ.

ಮೊಟ್ಟೆಗಳು ಒಡೆಯುವ ದಿನ ಹತ್ತಿರವಿದ್ದಾಗ, ಒಂದು ಸಂಜೆ ಚಟ್ ಬರುವುದು ತಡವಾಯಿತು. ಮಾಮ ಕಾದ. ಬರಲಿಲ್ಲ. ಹೆಡ್‌ಫೋನ್ ಹಾಗೇ ಬಿಟ್ಟು, ಅಲೆಯ ಮೇಲೆ ಯಾರೋ ಅವನನ್ನು ಕರೆಯುತ್ತಿರುವಾಗಲೇ ಮೆಟ್ಟಿಲಿಳಿದ.

ನಡುಮನೆಯಲ್ಲಿ ಪೆಟ್ಟಿಗೆಯ ಪಕ್ಕ ಭಾವ ಕೂತಿದ್ದರು. ಕೂತದ್ದು ಹೊಸ ಬೆಂಚಿನ ಮೇಲೆ. ಇನ್ನೂ ಬಣ್ಣ ಕಾಣದ ಮರ, ಮೂಲೆಗಳಲ್ಲಿ ಹಲ್ಲಿಗೆ ಹಲ್ಲು. ಉಷ್ಣಮಾಪಕದಿಂದ ಕಣ್ಣು ತೆಗೆಯದೆ ಅವರು ಹೇಳಿದರು:

"ಈಗ ತಾನೆ ನಿನ್ನಕ್ಕ ಮೊಟ್ಟೆ ಹೊರಳಿಸಿದ್ಲು. ಮುಚ್ಚಳ ತೆಗೆದಿದ್ದಕ್ಕೆ ತಣ್ಣಗಾಗಿದೆ. ಬಿಸಿಯೇರೋಕೆ ಹೊತ್ತಾಗುತ್ತೆ."

ಎಷ್ಟೋ ದಿನಗಳ ಮೇಲೆ ನೇರವಾಗಿ ಅವನಿಗೇ ಹೇಳಿದ ಮಾತು. ಮಾಮ ಬಾಗಿಲ ಚೌಕಟ್ಟು ಹಿಡಿದು ನಿಂತ. "ನೀವು ಮಲಗಿ ಭಾವ. ನಾನು ಕೇಳಿಸ್ಕೊಳ್ತಿರ್ತೀನಿ" ಎಂದ.

"ನಿನ್ನ ಮೇಲೆ ಬಿಟ್ಟು ಮಲಗೋಕೆ ನನಗಿನ್ನೂ ಧೈರ್ಯ ಬಂದಿಲ್ಲ."

ನಗುತ್ತ ಹೇಳಿದರೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಅವರ ಮುಖ ಪೆಟ್ಟಿಗೆಯ ಕಡೆಗಿತ್ತು. ಆದರೆ ಹಾಗೆ ಹೇಳುತ್ತಲೇ ಬೆಂಚಿನ ಮೇಲೆ ಸ್ವಲ್ಪ ಸರಿದರು. ಮಾಮ ಆ ತುದಿಯಲ್ಲಿ ಕೂತ. ಬಲ್ಬುಗಳು ಇನ್ನೂ ಉರಿಯುತ್ತಿದ್ದವು. ಇಬ್ಬರೂ ಆ ಸದ್ದಿಗಾಗಿ ಕಿವಿಗೊಟ್ಟರು.